ಬಚ್ಚಲೊಲೆಯ ಬೂದಿ

ನಮ್ಮ ಬಚ್ಚಲಿನ ಗೋಡೆಗೆ ಬಡಿದ ಮೊಳೆಯಲ್ಲಿ ಒಂದು ತೆಂಗಿನ ಗೆರಟೆ ತೂಗುತ್ತಿತ್ತು, ಅದರ ತುಂಬ ಉಮಿಕರಿ. ಭತ್ತದ ಉಮಿಯನ್ನು ಕಪ್ಪಗಾಗುವಷ್ಟು ಮಾತ್ರ ಸುಟ್ಟು, ಉಪ್ಪು ಸೇರಿಸಿ ಅರೆದ ಆ ಪುಡಿಯಲ್ಲಿ ಹಲ್ಲುಜ್ಜಿ ಬೆಳೆದವರು ನಾವು. ನೀವೂ ನಮ್ಮ ಕಡೆಯವರಾದರೆ ಅದರ ಉಪ್ಪುಖಾರ ನಿಮ್ಮ ಒಸಡಿಗೆ ಇನ್ನೂ ನೆನಪಿರಬಹುದು. ನನ್ನ ಅಜ್ಜಿಯ ರಾಜ್ಯಭಾರದಲ್ಲಿ ಒಂದೊಂದು ಬೂದಿಗೆ ಒಂದೊಂದು ವಿಳಾಸವಿತ್ತು. ಅಡಿಕೆ ಸಿಪ್ಪೆ ಉರಿದ ಬಚ್ಚಲೊಲೆಯ ಬೂದಿ ಪಾತ್ರೆಗೆ ಮತ್ತು ತೆಂಗಿನ ಬುಡಕ್ಕೆ, ಸೆಗಣಿಯದು ಹಣೆಗೆ, ಉಮಿಯದು ಹಲ್ಲಿಗೆ. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಬೂದಿಗೂ ಕುಲಗೋತ್ರ ಉಂಟೇ ಎಂದು ನಾನು ನಗುತ್ತಿದ್ದೆ. ಮುಂದೆ ಮಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿ, ಪದವಿಯ ಕಾಗದ ಹಿಡಿದು ಊರಿಗೆ ಬಂದ ಮೇಲೆ, ಅಕ್ಷರ ತಿಳಿಯದ ಆಕೆ ಒಮ್ಮೆಯೂ ಮಾಡದಿದ್ದ ತಪ್ಪನ್ನು ಇಡೀ ಊರಿನ ಸಮಕ್ಷಮದಲ್ಲಿ ಮಾಡಿದೆ. ಅದನ್ನು ಬರಿಯ ತಪ್ಪು ಎಂದು ಕರೆದರೆ ನನ್ನನ್ನು ನಾನೇ ಕಾಪಾಡಿಕೊಂಡಂತಾಗುತ್ತದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಸುಳ್ಯ ಸೀಮೆಯ ಆಲೆಟ್ಟಿಯಿಂದ ಒಳಗೆ ಹೋಗುವ ದಾರಿಯಲ್ಲಿ, ನಮ್ಮ ಊರಿಗೂ ಶಾಲೆಗೂ ನಡುವೆ ಒಂದು ತೋಡು ಹರಿಯುತ್ತದೆ. ಬೇಸಿಗೆಯಲ್ಲಿ ಅದರಲ್ಲಿ ಪಾದ ನೆನೆಯುವಷ್ಟು ನೀರಿದ್ದರೆ ಹೆಚ್ಚು. ಮಳೆ ಹಿಡಿದ ಮೇಲೆ ಮಾತ್ರ ಆನೆಯನ್ನೂ ಲೆಕ್ಕಿಸುವುದಿಲ್ಲ. ದಾಟಲು ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕ ಪ್ರತಿ ಆಷಾಢದಲ್ಲಿ ಕೊಚ್ಚಿಹೋಗುತ್ತಿತ್ತು, ಅದರ ಜತೆಗೆ ಮಕ್ಕಳ ಎರಡು ತಿಂಗಳ ಪಾಠವೂ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಶ್ರಮದಾನದ ಉತ್ಸಾಹ ನಮ್ಮ ಕಡೆಗೂ ಬಂದಿತ್ತು. ಕೊಚ್ಚಿಹೋಗದಂಥ ಕಾಂಕ್ರೀಟಿನ ಸಂಕವನ್ನೇ ಕಟ್ಟುವುದೆಂದಾಯಿತು. ಜಲ್ಲಿ ಒಡೆಯುವವರು, ಮರಳು ಹೊರುವವರು, ಎರಡು ದಡದ ಕಲ್ಲಿನ ಗೋಡೆ ಎಬ್ಬಿಸುವವರು ಎಲ್ಲರೂ ಸಿಕ್ಕಿದರು. ಕಂಬಿಯೂ ಬಂತು. ಸಿಮೆಂಟು ಮಾತ್ರ ಪರ್ಮಿಟ್ಟಿನ ವಸ್ತು. ಅರ್ಜಿ ಪುತ್ತೂರಿಗೆ ಹೋಗಿ, ತಿಂಗಳುಗಟ್ಟಲೆ ಕೂತು, ನಾವು ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂಜೂರಾಗಿ ಬಂದಾಗ ಮಳೆಗೆ ಒಂದೇ ತಿಂಗಳು ಉಳಿದಿತ್ತು.

ಸಂಕದ ಕೆಲಸಕ್ಕೆ ಕಡಬದಿಂದ ಐತಪ್ಪ ಮೇಸ್ತ್ರಿಯನ್ನು ಕರೆಸಿದ್ದೆವು. ಅರುವತ್ತರ ಅಂಚಿನ ಮನುಷ್ಯ, ಕಡಿಮೆ ಮಾತು. ಸುಣ್ಣದ ಗಾರೆಯ ಕಾಲದಲ್ಲಿ ಕಲಿತು, ಸಿಮೆಂಟಿನ ಕಾಲಕ್ಕೆ ನಡೆದು ಬಂದವರು. ಶಾಲೆಯ ಜಗಲಿಯಲ್ಲಿ ಸಭೆ ಸೇರಿದ ದಿನ ಅವರು ಹೇಳಿದ್ದು ಇಷ್ಟೆ: ಇದ್ದ ಸಿಮೆಂಟಿನಲ್ಲಿ ಗೋಡೆಗಳನ್ನು ಗಟ್ಟಿ ಮಾಡಿ ಬಿಡುವ, ಮೇಲಿನ ಹಾಸನ್ನು ಬರುವ ವರ್ಷ ಹಾಕುವ. ಇನ್ನೊಂದು ಮಳೆಗಾಲ ಮಕ್ಕಳು ಮನೆಯಲ್ಲೇ ಎಂಬ ಯೋಚನೆಯಲ್ಲಿ ಸಭೆ ಮೌನವಾಯಿತು. ಆ ಮೌನ ನನಗಾಗಿಯೇ ಬಿಟ್ಟ ಜಾಗ ಎಂದು ನನಗನಿಸಿತು. ಎದ್ದು ನಿಂತು, ಕೃಷಿಯ ಕಸವನ್ನು ಸುಟ್ಟ ಬೂದಿಯನ್ನು ಸಿಮೆಂಟಿಗೆ ಬೆರೆಸಿದರೆ ಕಾಂಕ್ರೀಟು ಕುಗ್ಗುವುದಿಲ್ಲ, ಬದಲಿಗೆ ಬಲವಾಗುತ್ತದೆ ಎಂದೆ. ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪತ್ರಿಕೆಯಲ್ಲಿ ಅದನ್ನು ಓದಿದ್ದು ನಿಜ. ಮೊದಲ ಪುಟವನ್ನು ಓದಿ ಪುಳಕಗೊಂಡು, ಉಳಿದ ಪುಟಗಳನ್ನು ಮಗುಚಿ ಮುಂದೆ ಹೋಗಿದ್ದೆ ಎಂಬುದೂ ಅಷ್ಟೇ ನಿಜ. ಯಾವ ಕಸ, ಎಷ್ಟು ಬೆಂಕಿ, ಎಷ್ಟು ನುಣುಪು ಎಂಬ ವಿವರವೆಲ್ಲ ಆ ಉಳಿದ ಪುಟಗಳಲ್ಲಿತ್ತು.

ವಿಚಿತ್ರವೆಂದರೆ ಐತಪ್ಪ ಮೇಸ್ತ್ರಿಗೆ ಇದು ಹೊಸ ಸಂಗತಿಯಾಗಿರಲಿಲ್ಲ. ಸುಣ್ಣದ ಗಾರೆಗೆ ಉಮಿಯ ಬೂದಿ ಹಾಕುತ್ತಿದ್ದರು ಎಂದು ಅವರು ತಲೆದೂಗಿದರು. ಉಮಿಯನ್ನು ರಾಶಿ ಹಾಕಿ, ಜ್ವಾಲೆ ಏಳಗೊಡದೆ ಎರಡು ದಿನ ಒಳಗೊಳಗೇ ಉರಿಸಬೇಕು. ಕಪ್ಪು ಹೋಗಿ ಬೂದಿ ಬೆಳ್ಳಗಾಗಬೇಕು. ಅದನ್ನು ಒನಕೆಯಲ್ಲಿ ಕುಟ್ಟಿ ಬಟ್ಟೆಯಲ್ಲಿ ಸೋಸಬೇಕು. ಆಮೇಲೂ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಕಬಾರದು. ಅವರು ಹೀಗೆ ಒಂದೊಂದೇ ಬೆರಳು ಮಡಚುತ್ತ ಹೇಳುತ್ತಿದ್ದರೆ ನನಗೆ ಅಸಹನೆ. ನಮ್ಮದು ಅಡಿಕೆ ತೋಟಗಳ ಊರು, ಗದ್ದೆಗಳು ಕಡಿಮೆ, ಅಷ್ಟು ಉಮಿ ಎಲ್ಲಿಂದ? ಇಲ್ಲಿ ಬೆಟ್ಟದಷ್ಟು ಇರುವುದು ಅಡಿಕೆ ಸಿಪ್ಪೆ, ಅದೂ ಪ್ರತಿ ಮನೆಯ ಬಚ್ಚಲೊಲೆಯಲ್ಲಿ ದಿನವೂ ಬೂದಿಯಾಗುತ್ತಿರುವುದು. ಬೂದಿ ಎಂದರೆ ಬೂದಿ. ಮನೆಗೆ ಎರಡೆರಡು ಕುಕ್ಕೆ ತಂದುಕೊಡಿ ಎಂದು ನಾನು ಸಾರಿಬಿಟ್ಟೆ.

ಸಭೆಗೆ ಜೀವ ಬಂತು. ತೋಡಿನ ಆಚೆ ದಡದಲ್ಲಿದ್ದ ಕಮಲಕ್ಕ, ಅಡಿಕೆ ಸುಲಿಯುವುದರಲ್ಲಿಯೂ ಮಾತಿನಲ್ಲಿಯೂ ಊರಿಗೇ ಚುರುಕಾದವರು, "ಇನ್ನು ನಾವು ಪಾತ್ರೆ ತಿಕ್ಕುದು ಎಂತದರಲ್ಲಿ ಮಾರಾಯ, ಸಿಮೆಂಟಿನಲ್ಲಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಆ ನಗುವಿನಲ್ಲೇ ಒಪ್ಪಿಗೆಯಿತ್ತು.

ಮೂರನೆಯ ದಿನ ಕುಕ್ಕೆಗಳು ಬಂದು ಸಾಲಾಗಿ ಕುಳಿತವು. ಐತಪ್ಪ ಮೇಸ್ತ್ರಿ ಒಂದರಿಂದ ಚಿಟಿಕೆ ಬೂದಿ ತೆಗೆದು ಬೆರಳುಗಳ ನಡುವೆ ತಿಕ್ಕಿದರು, ನಾಲಗೆಯ ತುದಿಗೆ ಇಟ್ಟು ನೋಡಿದರು, ಉಗಿದರು.

"ಇದು ಬರೇ ಕಾರ, ಸಣ್ಣ ಧನಿ," ಎಂದರು; ತೋಟದ ಯಜಮಾನರ ಮನೆಯ ಮಗನಾದ ನನ್ನನ್ನು ಅವರು ಕರೆಯುತ್ತಿದ್ದುದು ಹಾಗೆ. "ನೀರಿಗೆ ಬಿದ್ದರೆ ಕರಗುವಂಥದ್ದು. ಕಲ್ಲಾಗುದಿಲ್ಲ."

ಅವರು ಹೇಳಿದ್ದು ಪೂರ್ತಿ ಸರಿ. ಉಮಿಯಲ್ಲಿ ಮರಳಿನ ಸತ್ವ ಉಂಟು. ಸಾವಕಾಶ ಸುಟ್ಟರೆ ಅದು ಬೂದಿಯಲ್ಲಿ ಉಳಿದು, ಸಿಮೆಂಟಿನೊಳಗಿನ ಸುಣ್ಣದೊಂದಿಗೆ ಕೂಡಿ ಹೊಸ ಬಂಧವಾಗುತ್ತದೆ. ಅಡಿಕೆ ಸಿಪ್ಪೆಯ ಬೂದಿಯಲ್ಲಿ ಬಹುಪಾಲು ಇರುವುದು ಗಿಡಕ್ಕೆ ಬೇಕಾದ, ಪಾತ್ರೆಯ ಜಿಡ್ಡು ತೆಗೆಯುವ ಕ್ಷಾರ. ನನ್ನ ಮೂರು ವರ್ಷದ ಪಾಠದಲ್ಲಿ ಇದನ್ನು ಊಹಿಸಲು ಬೇಕಾದದ್ದೆಲ್ಲ ಇತ್ತು. ಮೇಸ್ತ್ರಿಯ ನಾಲಗೆ ಒಂದು ಕ್ಷಣದಲ್ಲಿ ತಿಳಿದದ್ದನ್ನು ನನ್ನ ತಲೆ ತಿಳಿಯಲೊಲ್ಲದೆ ಹೋದದ್ದು ಅಜ್ಞಾನದಿಂದಲ್ಲ, ಎದುರಿಗೆ ಊರು ನಿಂತಿತ್ತು, ಅದಕ್ಕೆ. ಹಾಗಾಗಿ ನಾನು ಒಂದು ಪ್ರಶ್ನೆ ಕೇಳಿದೆ. ಈ ವಾಕ್ಯವನ್ನು ಬರೆಯಲು ನನಗೆ ಇವತ್ತೂ ಕೈ ಬರುವುದಿಲ್ಲ.

"ನೀವು ಎಷ್ಟನೇ ಕ್ಲಾಸಿನವರೆಗೆ ಹೋಗಿದ್ದೀರಿ, ಮೇಸ್ತ್ರಿ?"

ಯಾರೋ ಕಿಸಕ್ಕೆಂದರು. ಮೇಸ್ತ್ರಿ ಕರಣೆಯನ್ನು ನೀರಲ್ಲಿ ತೊಳೆದು, ಪಾಲು ಎಷ್ಟು ಎಂದು ಕೇಳಿದರು. ಎರಡು ಪಾಲು ಸಿಮೆಂಟಿಗೆ ಒಂದು ಪಾಲು ಬೂದಿ ಎಂದೆ. ಕಲಸುವಾಗ ಬೂದಿ ನೀರನ್ನು ಕುಡಿಯುತ್ತಲೇ ಹೋಯಿತು. ಕುಡಿದಷ್ಟೂ ನಾವು ಸುರಿದೆವು. ಮಧ್ಯಾಹ್ನದೊಳಗೆ ಅಡಿಯಿಂದ ಆಧಾರಕ್ಕೆ ನಿಲ್ಲಿಸಿದ ಅಡಿಕೆ ಮರದ ಊರೆಗಳ ಮೇಲಿನ ಹಲಗೆಗಳಲ್ಲಿ, ಕಂಬಿಗಳನ್ನು ಮುಚ್ಚಿ, ಸಂಕ ಮಲಗಿತು.

ಐತಪ್ಪ ಮೇಸ್ತ್ರಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹಾಸು ಹಾಕಿದ ದಿನವೇ ಅದೇ ಕಲಸಿದ ಗಾರೆಯಿಂದ ಲಿಂಬೆಗಾತ್ರದ ಮೂರು ಉಂಡೆ ಕಟ್ಟುತ್ತಿದ್ದರು. ಮರುದಿನದಿಂದ ಅವು ನೀರಿನಲ್ಲಿರಬೇಕು. ಊರೆ ತೆಗೆಯುವ ದಿನ ಮೊದಲು ಉಂಡೆಯನ್ನು ಹಿಸುಕಿ, ಕಲ್ಲಿಗೆ ಕುಟ್ಟಿ ನೋಡಬೇಕು. ಉಂಡೆ ಒಪ್ಪಿದರೆ ಮಾತ್ರ ಊರೆಗೆ ಕೈ ಹಾಕುವುದು. ಮತ್ತು ಉಂಡೆಗಳನ್ನು ಇಟ್ಟುಕೊಳ್ಳುವವನು ಮೇಸ್ತ್ರಿಯಾಗಿರಬಾರದು, ಕೆಲಸ ಮಾಡಿಸಿದವನಾಗಿರಬೇಕು. ತಾನು ಮಾಡಿದ ಕೆಲಸಕ್ಕೆ ತಾನೇ ಸಾಕ್ಷಿ ಹೇಳಬಾರದೆಂಬುದು ಅವರ ಲೆಕ್ಕ. ಅವಮಾನ ಮಾಡಿದ ನನ್ನ ಕೈಗೇ ಅವರು ಆ ಮೂರು ಉಂಡೆಗಳನ್ನು ಕೊಟ್ಟು, ಕಡಬಕ್ಕೆ ಹೋದರು. ನಾನು ಅವನ್ನು ಬಚ್ಚಲಿನ ಮಡಕೆಯಲ್ಲಿ ಮುಳುಗಿಸಿಟ್ಟೆ.

ಹದಿನೈದನೆಯ ದಿನ ಊರೆ ತೆಗೆಯುವುದೆಂದು ನಿಗದಿಯಾಗಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ತಡವಾದರೆ ಊರೆಗಳೇ ನೆರೆಗೆ ಹೋಗುವ ಹೆದರಿಕೆ. ಬೆಳಿಗ್ಗೆ ಮಡಕೆಗೆ ಕೈ ಹಾಕಿ ಮೊದಲನೆಯ ಉಂಡೆಯನ್ನು ತೆಗೆದೆ. ಹೆಬ್ಬೆರಳು ಒತ್ತಿದಲ್ಲಿ ಅಂಚು ಪುಡಿಯಾಯಿತು. ಎರಡನೆಯದು ಎರಡು ಹೋಳಾಯಿತು, ಒಳಗೆ ಹಳೆಯ ಬೆಲ್ಲದ ಹಾಗೆ ಕಪ್ಪಗೆ, ಒದ್ದೆಯಾಗಿತ್ತು. ಮೂರನೆಯದನ್ನು ನಾನು ಒತ್ತಿ ನೋಡಲೇ ಇಲ್ಲ. ಮೂರನ್ನೂ ಬಾಳೆಯ ಬುಡಕ್ಕೆ ಎಸೆದು, ಕೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ತೋಡಿನವರೆಗಿನ ಕಾಲು ಗಂಟೆಯ ದಾರಿಯಲ್ಲಿ ನಾನು ನನಗೆ ಹೇಳಿಕೊಂಡ ಸಮಾಧಾನಗಳು ಬಹಳ. ಉಂಡೆ ಸಣ್ಣದು, ಹಾಸು ದಪ್ಪ. ಉಂಡೆಯಲ್ಲಿ ಕಂಬಿಯಿಲ್ಲ, ಹಾಸಿನಲ್ಲಿದೆ. ಬಚ್ಚಲಿನ ನೀರಿನಲ್ಲೇ ಏನೋ ದೋಷವಿರಬಹುದು. ಓದಿದವನ ಬುದ್ಧಿಗೆ ಇದೊಂದು ದೊಡ್ಡ ಅನುಕೂಲ. ಬೇಕಾದ ತೀರ್ಮಾನ ಮೊದಲೇ ಇದ್ದರೆ ಕಾರಣಗಳು ಕೈಕಟ್ಟಿ ಸಾಲುಗಟ್ಟಿ ನಿಲ್ಲುತ್ತವೆ.

ದಡದಲ್ಲಿ ಊರೇ ಇತ್ತು. ಹೆಡ್‌ಮಾಸ್ಟರರು ಮಕ್ಕಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿದ್ದರು, ಊರೆ ಕಳಚಿದ ಕೂಡಲೇ ಮೊದಲು ದಾಟುವವರು ಅವರು. ಐತಪ್ಪ ಮೇಸ್ತ್ರಿ ಕಡಬದಿಂದ ನಸುಕಿಗೇ ಹೊರಟು ಬಂದಿದ್ದರು. ನನ್ನನ್ನು ಕಂಡವರೇ ಮೈಯೊರೆಸಲು ಹೆಗಲ ಮೇಲೆ ಹಾಕಿದ್ದ ಬೈರಾಸನ್ನು ತೆಗೆದು ಮಡಚುತ್ತ ಕೇಳಿದರು.

"ಉಂಡೆ ನೋಡಿದಿರಾ?"

"ನೋಡಿದೆ. ಗಟ್ಟಿ ಉಂಟು," ಎಂದೆ.

ಬೈರಾಸನ್ನು ನನ್ನ ಕೈಗೆ ಕೊಟ್ಟು ಅವರು ತೋಡಿಗೆ ಇಳಿದರು. ಮಕ್ಕಳನ್ನು ಹತ್ತು ಮಾರು ಹಿಂದೆ ನಿಲ್ಲಿಸಿ ಎಂದು ಹೆಡ್‌ಮಾಸ್ಟರರಿಗೆ ಹೇಳಿದರು. ಸಹಾಯಕ್ಕೆ ಬಂದ ಇಬ್ಬರನ್ನು ತಡೆದರು. ಮೊದಲನೆಯ ಊರೆ ತೆಗೆಯುವಾಗ ಹಾಸು ಹಾಕಿದವನೊಬ್ಬನೇ ಅಡಿಯಲ್ಲಿರಬೇಕು ಎಂಬುದು ಅವರ ಇನ್ನೊಂದು ಪದ್ಧತಿ. ನಡುವಿನ ಊರೆಯ ಕೆಳಗಿನ ಬೆಣೆಗೆ ಎರಡು ಏಟು ಕೊಟ್ಟರು. ಎರಡನೆಯ ಏಟಿಗೂ ಆ ಸದ್ದಿಗೂ ನಡುವೆ ಸ್ವಲ್ಪ ಹೊತ್ತಿತ್ತು. ಒಬ್ಬ ಮನುಷ್ಯ ಬಾಯಿ ತೆರೆದು 'ಹೊರಗೆ ಬನ್ನಿ' ಎನ್ನಲು ಸಾಕಾಗುವಷ್ಟು ಹೊತ್ತು. ಆ ಹೊತ್ತನ್ನು ನಾನು ಎಷ್ಟು ಸಾವಿರ ಸಲ ಅಳೆದಿದ್ದೇನೋ. ಪ್ರತಿ ಸಲವೂ ಅದು ಸಾಕಾಗುವಷ್ಟೇ ಇರುತ್ತದೆ. ಸದ್ದು ಭಾರೀ ಏನಲ್ಲ, ಒಣಗಿದ ಸೋಗೆ ಮುರಿದಂತೆ. ಹಾಸು ನಡುವೆ ಬಾಗಿ, ಬಿರುಕು ಬಿಟ್ಟು, ಉಳಿದ ಊರೆಗಳನ್ನು ಓರೆಯಾಗಿ ತಳ್ಳಿ, ಕಂಬಿಗಳಿಂದ ಜೋತು ಕೆಳಗೆ ಕುಳಿತಿತು. ಬೂದುಬಣ್ಣದ ಧೂಳು ಎದ್ದಿತು.

ಎಲ್ಲರಿಗಿಂತ ಮೊದಲು ತೋಡಿಗೆ ಹಾರಿದ್ದು ಕಮಲಕ್ಕ. ಅವರ ಕೈಯಲ್ಲಿ ಹಾರೆಯಿತ್ತು. ಹಿಂದೆಯೇ ನಾಲ್ಕೈದು ಮಂದಿ ಇಳಿದು ಹಾಸಿನ ಅಂಚನ್ನು ಎತ್ತಿ ಹಿಡಿದರು. ನಾನು ದಡದಲ್ಲಿ, ಮಡಚಿದ ಬೈರಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದೇವರಿಗೆ ಹರಕೆ ಒಪ್ಪಿಸಲು ಬಂದವನ ಹಾಗೆ ನಿಂತಿದ್ದೆ. ಮೇಸ್ತ್ರಿಯ ಜೀವ ಉಳಿದಿತ್ತು. ಬಲಗೈ ಊರೆಗೂ ಹಾಸಿಗೂ ನಡುವೆ ಸಿಕ್ಕಿ ಮಣಿಕಟ್ಟಿನ ಕೆಳಗೆ ಜಜ್ಜಿಹೋಗಿತ್ತು. ಶಾಲೆಯ ಬೆಂಚಿನ ಮೇಲೆ ಮಲಗಿಸಿ ರಸ್ತೆಯವರೆಗೆ ಹೊತ್ತು, ಪುತ್ತೂರಿನ ಆಸ್ಪತ್ರೆಗೆ ಜೀಪು ಬರುವವರೆಗೆ ಕಾದೆವು. ಆಗ ಅವರು ಕಣ್ಣು ತೆರೆದು ನನ್ನನ್ನೇ ಹುಡುಕಿದರು. ಸ್ವರ ಸಣ್ಣದಾಗಿತ್ತು.

"ಉಂಡೆ ಸರಿ ಇತ್ತಲ್ಲ, ಧನಿ?"

ನಾನು ತಲೆಯಾಡಿಸಿದೆ. ಇತ್ತು ಎಂಬಂತೆ.

ಊರಿಗೆ ಒಂದು ಕಾರಣ ಬೇಕಿತ್ತು, ವಾರದೊಳಗೆ ಅದು ಹುಟ್ಟಿಕೊಂಡಿತು. ಮೇಸ್ತ್ರಿ ಎರಡು ಮೂಟೆ ಸಿಮೆಂಟನ್ನು ಕಡಬಕ್ಕೆ ದಾಟಿಸಿದ್ದಾರಂತೆ ಎಂಬ ಮಾತು ಯಾರ ಬಾಯಿಂದ ಹೊರಟಿತೋ, ನನ್ನ ಮನೆಯ ಜಗಲಿಗೂ ಬಂದು ಕುಳಿತಿತು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನನ್ನ ಬೂದಿಯನ್ನು ಯಾರೂ ದೂರಲಿಲ್ಲ, ಅದು ಓದಿದವನು ಹೇಳಿದ್ದಲ್ಲವೇ? ಅದೇ ಮಳೆಗಾಲದಲ್ಲಿ ನನಗೆ ಪುತ್ತೂರಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ವಿಜ್ಞಾನದ ಪಾಠ. ವರ್ಷಕ್ಕೊಮ್ಮೆ ದಹನಕ್ರಿಯೆಯ ಅಧ್ಯಾಯ ಬರುತ್ತದೆ. ಪೂರ್ಣ ದಹನ, ಅಪೂರ್ಣ ದಹನ ಎಂದು ಹಲಗೆಯ ಮೇಲೆ ಬರೆದು ಬೆನ್ನು ತಿರುಗಿಸಿಯೇ ನಿಂತಿರುತ್ತೇನೆ. ಪೂರ್ತಿ ಬೇಯದ ಉಮಿಗಿಂತ ಅರ್ಧ ಬೆಂದ ವಿದ್ಯೆಯಲ್ಲಿ ಮಸಿ ಹೆಚ್ಚು. ಹುಡುಕಿ ಹುಡುಕಿ ಹಂಚಿನ ಮಾಡಿನ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದೇನೆ. ಶಾಲೆಯ ಹೊಸ ಕಟ್ಟಡದ ತಾರಸಿಯ ಅಡಿಯಲ್ಲಿ ನಡೆಯುವಾಗ ನನಗೇ ತಿಳಿಯದೆ ಗೋಡೆಯ ಅಂಚಿಗೆ ಸರಿಯುತ್ತೇನೆ.

ಒಂದು ವರ್ಷ ಕಳೆದ ಮೇಲೆ ಕಡಬಕ್ಕೆ ಹೋದೆ. ಐತಪ್ಪ ಮೇಸ್ತ್ರಿ ಅಂಗಳದಲ್ಲಿ ಕುಳಿತು ಎಡಗೈಯಲ್ಲಿ ವೀಳ್ಯದೆಲೆಯ ನಾರು ತೆಗೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿದಿತ್ತು. ಕರಣೆ ಹಿಡಿಯುವ ಮಾತೇ ಇರಲಿಲ್ಲ. ಮಗ ನಾರಾಯಣ ತಂದೆಯಿಂದಲೇ ಕೆಲಸ ಕಲಿತ ಒಳ್ಳೆಯ ಮೇಸ್ತ್ರಿ, ಆದರೂ ಸುಳ್ಯದ ಕಡೆಯಿಂದ ಒಬ್ಬರೂ ಅವನನ್ನು ಕರೆಯುತ್ತಿರಲಿಲ್ಲ. ಅವನು ನೆಲ್ಯಾಡಿಯ ಕಡೆಗೆ ಹೋಗಿ, ಹೊಸದಾಗಿ ಬಂದು ನೆಲೆಸಿದವರ ರಬ್ಬರ್ ತೋಟಗಳಲ್ಲಿ ಮಣ್ಣಿನ ಗೋಡೆ ಕಟ್ಟುತ್ತಿದ್ದ. ನಾನು ನಿಂತುಕೊಂಡೇ, ಉಂಡೆ ಎಸೆದ ಬಾಳೆಯ ಬುಡದವರೆಗೆ ಎಲ್ಲವನ್ನೂ ಹೇಳಿದೆ. ಅವರು ಎಲೆಯ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ನನಗೆ ಆ ದಿನ ಬೆಂಚಿನ ಮೇಲೆಯೇ ಗೊತ್ತಾಗಿದೆ," ಎಂದರು. "ನೀವು ತಲೆ ಆಡಿಸಿದ್ದು ಕಂಡು. ನನಗೆ ಹೇಳಿ ಎಂತ ಪ್ರಯೋಜನ ಉಂಟು? ಊರಿಗೆ ಹೇಳಿ."

ಹೇಳುತ್ತೇನೆ ಎಂದೆ. ಐದು ವರ್ಷ ಹೇಳಲಿಲ್ಲ. ಯಾಕೆಂದು ಕೇಳಬೇಡಿ, ಗೆಳೆಯರೇ. ಮೊದಲ ವರ್ಷ ಧೈರ್ಯವಿರಲಿಲ್ಲ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ನಾಚಿಕೆಗೆ ದಿನ ಹೋದಂತೆ ಬಲ ಬರುತ್ತದೆ, ಒಳ್ಳೆಯ ಕಾಂಕ್ರೀಟಿನ ಹಾಗೆ.

ಕಳೆದ ವರ್ಷ ಹೆಡ್‌ಮಾಸ್ಟರರ ಪತ್ರ ಬಂತು. ಸಂಕ ಕಟ್ಟಲು ಊರು ಮತ್ತೆ ಮನಸ್ಸು ಮಾಡಿದೆ, ಸಿಮೆಂಟು ಈ ಸಲವೂ ಕಡಿಮೆ, ಮೇಸ್ತ್ರಿ ಯಾರಾಗಬಹುದು, ಆ ಐತಪ್ಪನ ಮಗ ಬೇಡವೆಂದು ಎಲ್ಲರ ಅಭಿಪ್ರಾಯ, ತಿಳಿದ ನೀವು ಒಂದು ಮಾತು ಹೇಳಿ ಎಂದಿತ್ತು. 'ತಿಳಿದ ನೀವು' ಎಂಬ ಎರಡು ಪದಗಳ ಮುಂದೆ ನಾನು ಎರಡು ದಿನ ಕುಳಿತೆ. ಮೂರನೆಯ ದಿನ ಉತ್ತರ ಬರೆದೆ. ಮೂಟೆಗಳು ಎಲ್ಲಿಗೂ ದಾಟಿರಲಿಲ್ಲ. ಬೂದಿ ನನ್ನದು, ಪಾಲು ನನ್ನದು. ಉಂಡೆ ಕೈಯಲ್ಲೇ ಪುಡಿಯಾದದ್ದನ್ನು ಕಂಡೂ ಆ ಮನುಷ್ಯನನ್ನು ಹಾಸಿನ ಅಡಿಗೆ ಕಳುಹಿಸಿದವನು ನಾನು. ಇದನ್ನು ಶಾಲೆಯ ಜಗಲಿಯಲ್ಲಿ ಎಲ್ಲರೆದುರು ಓದಿ ಎಂದು ಕೊನೆಗೆ ಸೇರಿಸಿದೆ. ನಾನೇ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ ಎಂಬುದನ್ನೂ ನೀವು ಗಮನಿಸಿರುತ್ತೀರಿ.

ಅವರು ಓದಿದರಂತೆ. ಆಮೇಲೆ ಕಮಲಕ್ಕ, "ಅವ ಆ ದಿನ ನೀರಿಗೆ ಇಳಿಯದೆ ನಿಂತದ್ದು ಎಂತಕ್ಕೆ ಅಂತ ನಾನು ಇಷ್ಟು ವರ್ಷ ಎಣಿಸ್ತಾ ಇದ್ದೆ," ಎಂದು ಎದ್ದುಹೋದರಂತೆ. ಕೆಲಸ ನಾರಾಯಣನಿಗೆ ಸಿಕ್ಕಿತು. ಪುತ್ತೂರಿನ ಅಕ್ಕಿ ಗಿರಣಿಯಿಂದ ಲಾರಿಯಲ್ಲಿ ಉಮಿ ತರಿಸಿ, ಎರಡು ದಿನ ಹೊಗೆಯಾಡಿಸಿ, ಬೆಳ್ಳಗಾದ ಬೂದಿಯನ್ನು ಕುಟ್ಟಿ, ಹಳೆಯ ಧೋತರದಲ್ಲಿ ಸೋಸಿ, ಐದರಲ್ಲಿ ಒಂದು ಪಾಲು ಬೆರೆಸಿ ಅವನು ಹಾಸು ಹಾಕಿದ. ಉಂಡೆ ಕಟ್ಟಿದ ದಿನ ಅವನ ತಂದೆ ಒಂದೇ ಒಂದು ಷರತ್ತು ಹೇಳಿ ಕಳುಹಿಸಿದ್ದರು: ಉಂಡೆ ನೋಡುವುದಕ್ಕೆ ಪುತ್ತೂರಿನಿಂದ ಸಣ್ಣ ಧನಿಯೇ ಬರಬೇಕು. ಇದನ್ನು ಕ್ಷಮೆ ಎಂದುಕೊಳ್ಳುವ ಹುಂಬತನ ನನಗಿಲ್ಲ. ಅವರು ನನಗೆ ಕೊಟ್ಟ ಕೆಲಸ ಇನ್ನೂ ಮುಗಿದಿರಲಿಲ್ಲ, ಅಷ್ಟೆ.

ಊರೆ ತೆಗೆಯುವ ದಿನ ಹೋದೆ. ಐತಪ್ಪ ಮೇಸ್ತ್ರಿಯನ್ನು ದಡದಲ್ಲಿ ಒಂದು ಕಲ್ಲಿನ ಮೇಲೆ ಕೂರಿಸಿದ್ದರು. ನಾರಾಯಣ ತೋಡಿನಲ್ಲಿ, ನಡುವಿನ ಊರೆಯ ಪಕ್ಕ, ಒಬ್ಬನೇ ನಿಂತಿದ್ದ. ಹೆಡ್‌ಮಾಸ್ಟರರು ಮಡಕೆಯನ್ನು ನನ್ನ ಮುಂದೆ ಇಟ್ಟರು. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ, ಎರಡು ಅಂಗೈಗಳ ನಡುವೆ ಹಿಸುಕಿದೆ, ಹಿಮ್ಮಡಿಯಲ್ಲಿ ತುಳಿದೆ, ಕಲ್ಲಿಗೆ ಎತ್ತಿ ಹೊಡೆದೆ. ಅದು ಪುಟಿದು ಹುಲ್ಲಿಗೆ ಬಿತ್ತು, ಸಿಪ್ಪೆಯಷ್ಟೂ ಏಳಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದನ್ನು ಹಿಡಿದುಕೊಂಡು ನಿಂತೆ. ಎಲ್ಲರೂ ನನ್ನ ಬಾಯಿಯನ್ನು ನೋಡುತ್ತಿದ್ದರು. ನಾರಾಯಣ ಬೆಣೆಗೆ ಸುತ್ತಿಗೆ ತಾಗಿಸಿಕೊಂಡು ಕಾಯುತ್ತಿದ್ದ. ಕಣ್ಣಿಗೆ ಕಂಡದ್ದು ನಿಜ, ಕೈಗೆ ತಿಳಿದದ್ದು ನಿಜ, ಆದರೂ ಆ ನಿಜವನ್ನು ಹೇಳುವ 'ಗಟ್ಟಿ ಉಂಟು' ಎಂಬ ಮಾತುಗಳು ನನ್ನ ನಾಲಗೆಯಲ್ಲಿ ಎಂದೋ ಹಾಳಾಗಿ ಹೋಗಿದ್ದವು.

"ಎಂತ, ಸಣ್ಣ ಧನಿ?" ಎಂದು ಮೇಸ್ತ್ರಿ ಕೇಳಿದರು.

ನಾನು ತೋಡಿಗೆ ಇಳಿದೆ. ಇಸ್ತ್ರಿಯ ಪಂಚೆಯ ಅಂಚು ನೆನೆಯಿತು. ಹಾಸಿನ ಅಡಿಗೆ ಬಗ್ಗಿ ಹೋಗಿ, ನಾರಾಯಣನ ಪಕ್ಕದಲ್ಲಿ ನಿಂತು, ಹೊಡಿ ಎಂದು ಅವನಿಗೆ ಕೈಸನ್ನೆ ಮಾಡಿದೆ.